ಗೋಕರ್ಣದ ಹತ್ತಿರ ಹತ್ತು ಗುಂಟೆ ಜಾಗ ಕೊಳ್ಳಬೇಕೆಂದಿದ್ದೇವೆ, ತಿಳಿದವರು ಹೇಳಿ

ಮಲ್ಲೇಶ್ವರದಿಂದ (ಡಿಸೆಂಬರ್ 8)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಹೆಂಡತಿ ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತೇವೆ. ಮದುವೆಯಾದ ವರ್ಷ ಮೊದಲ ಸಲ ಗೋಕರ್ಣಕ್ಕೆ ಹೋಗಿದ್ದೆವು. ಕೋಟಿತೀರ್ಥ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತ ಆ ಸಂಜೆ ಇಬ್ಬರ ಮನಸ್ಸಿನಲ್ಲೂ ಉಳಿದುಬಿಟ್ಟಿದೆ. ಆಮೇಲೆ ಹತ್ತಾರು ಸಲ ಹೋಗಿ ಬಂದೆವು. ಉಳಿದ ಆಯುಷ್ಯವನ್ನು ಅಲ್ಲೇ ಕಳೆಯಬೇಕೆಂಬ ಆಸೆ.

ಕಳೆದ ವಾರ ದಲ್ಲಾಳಿಯೊಬ್ಬರು ಮೂರು ಜಾಗಗಳನ್ನು ತೋರಿಸಿದರು. ಒಂದು, ಕಡಲಿಗೆ ಹತ್ತಿರದ ತೆಂಗಿನ ತೋಟ. ಅಲ್ಲಿ ನಿಂತರೆ ಅಲೆಯ ಸದ್ದು ಕೇಳುತ್ತದೆ. ಎರಡು, ಗುಡ್ಡದ ನೆತ್ತಿ. ಸೂರ್ಯ ಮುಳುಗುವುದು ಪೂರ್ತಿ ಕಾಣುತ್ತದೆ. ಮೂರು, ಹೊಳೆಯ ಕಡೆಗಿರುವ ತಗ್ಗು ಜಾಗ. ಈಗ ಗದ್ದೆಯಂತಿದೆ, ಇಪ್ಪತ್ತು ಲಾರಿ ಮಣ್ಣು ಸುರಿದರೆ ಮನೆ ಕಟ್ಟಬಹುದು ಎಂದರು. ಇದರ ಬೆಲೆ ಉಳಿದೆರಡಕ್ಕಿಂತ ಬಹಳ ಕಡಿಮೆ. ಕಾಗದಪತ್ರವೆಲ್ಲ ಸರಿಯಿದೆಯಂತೆ. ಹದಿನೈದು ದಿನದೊಳಗೆ ಮುಂಗಡ ಕೊಡಬೇಕಂತೆ.

ಯಾವುದನ್ನು ಕೊಳ್ಳಬೇಕು, ಏನೇನು ನೋಡಬೇಕು? ಇನ್ನೊಂದು ಮಾತು, ಊರಿನವರು ನಮ್ಮಂಥವರನ್ನು ಹೇಗೆ ಕಾಣುತ್ತಾರೆ? ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ.

ನಿವೃತ್ತ ಸರ್ವೇಯರ್ (ಡಿಸೆಂಬರ್ 8)

ಸರ್, ಮುಂಗಡ ಕೊಡಬೇಡಿ. ಹದಿನೈದು ದಿನದ ಗಡುವು ಹಾಕುವ ಜಾಗದಲ್ಲಿ ಏನೋ ಇದೆ ಎಂದೇ ತಿಳಿಯಿರಿ. ಉತ್ತರ ಕನ್ನಡದ ಕರಾವಳಿಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದವನು ನಾನು, ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಪಹಣಿ ತೆಗೆಸಿ. ನಮ್ಮ ಕಡೆ ಒಂದೇ ಪಹಣಿಯಲ್ಲಿ ಹತ್ತು, ಹದಿನೈದು, ಇಪ್ಪತ್ತು ಹೆಸರುಗಳಿರುತ್ತವೆ. ಅಜ್ಜ ತೀರಿಕೊಂಡು ನಲವತ್ತು ವರ್ಷವಾದರೂ ಪೋಡಿ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡುವುದು, ಆಗಿರುವುದಿಲ್ಲ. ಮಾರುವವನು ತನ್ನ ಪಾಲು ಇದು ಎಂದು ತೋರಿಸುತ್ತಾನೆ, ನಕ್ಷೆಯಲ್ಲಿ ಆ ಪಾಲಿಗೆ ಗಡಿಯೇ ಇಲ್ಲ. ಮಾರುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಆಗಿ, ಗುರುತುಕಲ್ಲು ನೆಟ್ಟ ಮೇಲೆಯೇ ಮುಂದಿನ ಮಾತು. ಹೆಣ್ಣುಮಕ್ಕಳ ಸಹಿ ಬಹಳ ಮುಖ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಮುಂಬಯಿಗೆ ಮದುವೆಯಾಗಿ ಹೋದ ಅತ್ತೆಯ ಸಹಿ ಇಲ್ಲದೆ ಆದ ಖರೀದಿ ನಾಳೆ ನ್ಯಾಯಾಲಯದಲ್ಲಿ ನಿಲ್ಲದೆ ಹೋಗಬಹುದು.

ಎರಡನೆಯದು, ಅದು ಕೃಷಿ ಜಮೀನೋ, ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೋ ನೋಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಕೊಂಡ ಮಾತ್ರಕ್ಕೆ ಅಲ್ಲಿ ವಾಸದ ಮನೆ ಕಟ್ಟಲು ಅನುಮತಿ ಸಿಕ್ಕಿತು ಎಂದಲ್ಲ. ಭೂಪರಿವರ್ತನೆ ಬೇರೆ, ಪಂಚಾಯಿತಿಯ ಕಟ್ಟಡ ಪರವಾನಿಗೆ ಬೇರೆ, ಕರಾವಳಿ ನಿಯಂತ್ರಣ ವಲಯದ ನಿಯಮ ಬೇರೆ. ಪಂಚಾಯಿತಿ ಆಸ್ತಿಗಳ ಗಣಕ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೇ ಕೇಳಿ. ಅಧಿಕೃತವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಅದು ಯಾಕೆ 11ಎ ಆಗಲಿಲ್ಲ ಎಂದು ಕೇಳಿ.

ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ಮಾರುತ್ತೇವೆ ಎಂದರೆ ಎದ್ದು ಬನ್ನಿ. ಆ ಕಾಗದದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಯಾರಿಗೆ, ಯಾವ ಷರತ್ತಿನ ಮೇಲೆ ಮಂಜೂರಾಯಿತು ಎಂಬ ಆದೇಶದ ಪ್ರತಿ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯ ಖರೀದಿಗೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಕಡ್ಡಾಯ.

ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಮುದ್ರಾಂಕ ಶುಲ್ಕದ ಜೊತೆಗೆ ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಗಜನಿ ಗದ್ದೆ (ಡಿಸೆಂಬರ್ 9)

ನಿಮ್ಮ ಮೂರನೆಯ ಜಾಗದ ಬಗ್ಗೆ ನಾನು ಹೇಳುತ್ತೇನೆ. ನಾನು ಶಾಲಾ ಶಿಕ್ಷಕಿ. ಹುಟ್ಟಿದ್ದೂ ಅಘನಾಶಿನಿಯ ದಡದಲ್ಲಿ, ಕಲಿಸುತ್ತಿರುವುದೂ ಅಲ್ಲಿಯೇ.

ಆ ತಗ್ಗು ಜಾಗಕ್ಕೆ ಗಜನಿ ಎಂದು ಹೆಸರು. ಉಬ್ಬರದಲ್ಲಿ ಕಡಲ ಉಪ್ಪುನೀರು ಹೊಳೆಯೊಳಗೆ ಏರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ನಮ್ಮ ಹಿರಿಯರು ಹೊಳೆಯ ಅಂಚಿಗೆ ಮಣ್ಣಿನ ಕಟ್ಟು ಹಾಕಿ, ಕಟ್ಟಿಗೆ ಬಾಗಿಲು ಇಟ್ಟು, ಉಪ್ಪನ್ನೂ ಸಿಹಿಯನ್ನೂ ಹದಕ್ಕೆ ತಂದು ಬೇಸಾಯ ಮಾಡಿದರು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಆಳೆತ್ತರ ಬೆಳೆಯುವ ಭತ್ತ ಅದು. ಉಪ್ಪನ್ನು ತಾಳುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಚಳಿಗಾಲದಲ್ಲಿ ದೂರದಿಂದ ಹಕ್ಕಿಗಳು ಬಂದು ಉಳಿದ ಕಾಳನ್ನು ಹೆಕ್ಕುತ್ತವೆ.

ಇದರಲ್ಲಿ ಹತ್ತು ಗುಂಟೆಗೆ ಮಣ್ಣು ಸುರಿದರೆ ಹಾಳಾಗುವುದು ಆ ಹತ್ತು ಗುಂಟೆ ಮಾತ್ರವಲ್ಲ. ಕಟ್ಟು ಎಲ್ಲರದು, ಬಾಗಿಲು ಎಲ್ಲರದು, ನೀರಿನ ಹರಿವೂ ಎಲ್ಲರದು. ನಡುವೆ ಒಂದು ದಿಬ್ಬ ಎದ್ದರೆ ಆಚೆಯವರ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಈಚೆಯವರ ಗದ್ದೆಯಲ್ಲಿ ಉಪ್ಪು ಉಳಿಯುತ್ತದೆ. ಎರಡು ವರ್ಷ ಬೆಳೆ ಹೋದರೆ ಅವರೂ ಮಾರುತ್ತಾರೆ. ಮೂರನೆಯ ವರ್ಷ ದಲ್ಲಾಳಿ ಅದನ್ನು ‘ಪಾಳು ಜಾಗ’ ಎಂದು ತೋರಿಸುತ್ತಾನೆ. ನನ್ನ ಕಣ್ಣೆದುರಿಗೇ ಇದು ನಡೆದಿದೆ, ಆದ್ದರಿಂದ ಹೇಳುವಾಗ ಗಂಟಲು ಕಟ್ಟುತ್ತದೆ.

ಅಘನಾಶಿನಿ ಅಳಿವೆಯ 4,801 ಹೆಕ್ಟೇರಿಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ಸಿಕ್ಕಿದೆ. ಅದಕ್ಕೂ ಬಹಳ ಮೊದಲೇ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಬೇಡವೆಂದು ಇಲ್ಲಿನ ಜನ ಹೋರಾಡಿದ್ದರು. ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು, ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಎಳೆಯುವವರು, ನಾವೆಲ್ಲ ಒಂದೇ ನೀರಿನವರು. ಹೊರಗಿನವರಿಗೆ ಖಾಲಿಯಾಗಿ ಕಾಣುವ ಜಾಗ ನಮ್ಮಲ್ಲಿ ಖಾಲಿಯಲ್ಲ. ಅಗ್ಗಕ್ಕೆ ಸಿಗುತ್ತದೆಂದು ಅದನ್ನು ಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ತದಡಿ ದೋಣಿ (ಡಿಸೆಂಬರ್ 9)

ಅಕ್ಕೋರು ಹೇಳಿದ್ದು ಸರಿ. ನಾನು ಮೊದಲನೆಯ ಜಾಗದ ಬಗ್ಗೆ ಬರೆಯುತ್ತೇನೆ. ಅಲೆಯ ಸದ್ದು ಕೇಳುವ ತೆಂಗಿನ ತೋಟಕ್ಕೂ ಕಡಲಿಗೂ ನಡುವೆ ಒಂದು ಪಟ್ಟಿ ಮರಳು ಇರುತ್ತದಲ್ಲ, ಅದರಲ್ಲೇ ನಮ್ಮ ಜೀವನ ನಡೆಯುತ್ತದೆ. ದೋಣಿ ಎಳೆದಿಡುವುದು ಅಲ್ಲಿ, ಬಲೆ ಹರಡಿ ಹೊಲಿಯುವುದು ಅಲ್ಲಿ, ನಮ್ಮ ಅಮ್ಮಂದಿರು ತಾರ್ಲೆ, ಬಂಗಡೆ ಮೀನು ಒಣಗಿಸುವುದೂ ಅಲ್ಲಿಯೇ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ನಿಷೇಧ. ಆಗ ನಾಡದೋಣಿಯವರಿಗೆ ತೀರವೇ ಎಲ್ಲವೂ.

ಹಿಂದೆ ತೋಟಗಳ ನಡುವೆ ಬೇಲಿ ಇತ್ತು, ಕಡಲಿಗೆ ಹೋಗುವ ದಾರಿ ಮಾತ್ರ ಯಾವಾಗಲೂ ತೆರೆದಿರುತ್ತಿತ್ತು. ಆ ದಾರಿ ಯಾವ ಪತ್ರದಲ್ಲೂ ಇರಲಿಲ್ಲ. ತೋಟದ ಒಡೆಯನಿಗೂ ಗೊತ್ತು, ನಮಗೂ ಗೊತ್ತು, ಅಷ್ಟೇ. ಒಡೆಯ ಬದಲಾದ, ಬೇಲಿಯ ಜಾಗದಲ್ಲಿ ಚಿರೆಕಲ್ಲಿನ ಗೋಡೆ ಎದ್ದಿತು, ದಾರಿ ಹೋಯಿತು. ಈಗ ನಮ್ಮ ಮನೆಯವರು ಮೀನಿನ ಬುಟ್ಟಿ ಹೊತ್ತು ಬಹಳ ಸುತ್ತಿ ಬರುತ್ತಾರೆ. ನನ್ನ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ, ಅವಳೂ ಸುತ್ತುತ್ತಾಳೆ. ಗೋಡೆಯ ಒಳಗಿರುವವರು ಕೆಟ್ಟವರಲ್ಲ, ಎದುರು ಸಿಕ್ಕರೆ ನಗುತ್ತಾರೆ. ಗೋಡೆ ಇದ್ದಲ್ಲಿ ದಾರಿ ಇತ್ತೆಂದು ಅವರಿಗೆ ಯಾರೂ ಹೇಳಲಿಲ್ಲ.

ಸರ್, ನೀವು ಕೊಂಡರೂ ಕೊಳ್ಳದಿದ್ದರೂ ಆ ತೋಟದಲ್ಲಿ ದಾರಿ ಎಲ್ಲಿದೆ ಎಂದು ಒಮ್ಮೆ ಕೇಳಿ.

ನಿವೃತ್ತ ಸರ್ವೇಯರ್ (ಡಿಸೆಂಬರ್ 9)

ತದಡಿಯ ತಮ್ಮ ಹೇಳಿದ್ದಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. ಕರಾವಳಿ ನಿಯಂತ್ರಣದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. ಬಳಿಕ 2011, ಈಗ 2019ರದು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಭೂಮಿ ಇದರ ವ್ಯಾಪ್ತಿಗೆ ಬರುತ್ತದೆ. ಗ್ರಾಮೀಣ ತೀರದಲ್ಲಿ ಎರಡು ಬಗೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ ಮೊದಲ 50 ಮೀಟರ್ ನಿರ್ಮಾಣ ನಿಷಿದ್ಧ. ಅದಕ್ಕಿಂತ ಕಡಿಮೆ ಜನರಿರುವಲ್ಲಿ 200 ಮೀಟರ್. ಆ 50 ಮೀಟರಿನ ಸಡಿಲಿಕೆಯೂ ತಾನಾಗಿ ಸಿಗುವುದಿಲ್ಲ, ಅದಕ್ಕೆ ಅನುಮೋದಿತ ಯೋಜನೆ ಬೇಕು. ನಿಮ್ಮ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ಎಂದು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲೇ ನೋಡಬೇಕು. ದಲ್ಲಾಳಿ ಹೆಜ್ಜೆ ಹಾಕಿ ಅಳೆದದ್ದು ಲೆಕ್ಕಕ್ಕಿಲ್ಲ. ಗೋಕರ್ಣದ ಒಂದು ಕಡೆ ಗಂಗಾವಳಿ, ಇನ್ನೊಂದು ಕಡೆ ಅಘನಾಶಿನಿ. ಉಬ್ಬರ ಏರುವ ಹೊಳೆ, ಕೋಡಿಗಳ ದಡಕ್ಕೂ ಇದೇ ಅಧಿಸೂಚನೆ ಅನ್ವಯಿಸುತ್ತದೆ (ದೂರದ ಲೆಕ್ಕ ಮಾತ್ರ ಬೇರೆ) ಎಂಬುದನ್ನು ಬಹಳ ಜನ ಮರೆಯುತ್ತಾರೆ.

300 ಚದರ ಮೀಟರಿನೊಳಗಿನ ಸ್ವಂತ ವಾಸದ ಮನೆಗೆ ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು. ಅದೂ ನಿಷಿದ್ಧ ಪಟ್ಟಿಯ ಹೊರಗೆ, ಒಂಬತ್ತು ಮೀಟರ್ ಎತ್ತರ ಮೀರದಂತೆ. ಮರಳ ದಿಬ್ಬವನ್ನು ಸಮತಟ್ಟು ಮಾಡುವಂತಿಲ್ಲ.

ಇಷ್ಟೆಲ್ಲ ಯಾರು ನೋಡುತ್ತಾರೆ ಎನ್ನುವವರಿಗೆ ಕೇರಳದ ಮರಡು ನೆನಪಿಸುತ್ತೇನೆ. 2020ರ ಜನವರಿ 11 ಮತ್ತು 12ರಂದು ಅಲ್ಲಿ ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಉರುಳಿಸಿದರು. ಕಟ್ಟಿದವರಿಗೆ ಪಂಚಾಯಿತಿಯ ಪರವಾನಿಗೆ ಇತ್ತು, ಕೊಂಡವರ ಹತ್ತಿರ ನೋಂದಾಯಿತ ಪತ್ರಗಳಿದ್ದವು. ಸುಪ್ರೀಂ ಕೋರ್ಟ್ ನೋಡಿದ್ದು ಕರಾವಳಿ ನಿಯಮವನ್ನು.

ಮಾರಿದವರ ಮಗ (ಡಿಸೆಂಬರ್ 10)

ಎಲ್ಲರ ಮಾತನ್ನೂ ಓದಿದೆ. ನನ್ನದನ್ನೂ ಕೇಳಿ.

ನಮ್ಮ ಅಜ್ಜ ಗೇಣಿ ರೈತ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಮೂವತ್ತು ಗುಂಟೆ ನಮ್ಮದಾಯಿತು. ಅದರಲ್ಲಿ ಹನ್ನೆರಡು ಗುಂಟೆಯನ್ನು ಅಪ್ಪ ಮಾರಿದರು. ಯಾಕೆ ಗೊತ್ತೇ? ಅಮ್ಮನ ಚಿಕಿತ್ಸೆಗೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಂಗಳೂರು, ಮಣಿಪಾಲ ಅಥವಾ ಹುಬ್ಬಳ್ಳಿ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಅಮ್ಮನಿಗಾಗಿ ಆರು ತಿಂಗಳಲ್ಲಿ ಹನ್ನೊಂದು ಸಲ ಮಂಗಳೂರಿಗೆ ಹೋದೆವು. ಹನ್ನೆರಡು ಗುಂಟೆಯಲ್ಲಿ ಬೆಳೆಯುತ್ತಿದ್ದ ಹರಿವೆ, ಮೂಲಂಗಿ ಮಾರಿ ಆ ಹಣ ಹುಟ್ಟುತ್ತಿತ್ತೇ?

ನೆಲ ಮಾರಬೇಡಿ ಎಂದು ಹೇಳುವುದು ಸುಲಭ. ಬೆಲೆ ಬಂದಾಗ ಮಾರುವ ಹಕ್ಕು ಪಟ್ಟಣದವನಿಗಿದೆ, ನಮಗೆ ಮಾತ್ರ ಯಾಕಿಲ್ಲ? ನಾವು ಮಾತ್ರ ಪಂಚೆ ಉಟ್ಟು, ಕೊಪ್ಪೆ ಹೊದ್ದು, ಬಂದವರು ಫೋಟೋ ತೆಗೆಯಲೆಂದು ಗದ್ದೆಯಲ್ಲಿ ನಿಂತಿರಬೇಕೇ? ಅಪ್ಪ ಮಾರಿದ್ದು ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೂ ಒಂದು ಸಂಕಟ ಇದೆ. ಆ ಜಾಗದಲ್ಲಿ ಈಗ ಎದ್ದಿರುವ ವಸತಿಗೃಹದಲ್ಲೇ ನಾನು ಕೆಲಸಕ್ಕಿದ್ದೇನೆ. ಅಜ್ಜ ತೋಡಿದ ಬಾವಿ ಅಲ್ಲೇ ಇದೆ. ಅದರ ನೀರನ್ನು ಪಂಪು ಹಾಕಿ ಎತ್ತಿ ಈಜುಕೊಳ ತುಂಬಿಸುತ್ತಾರೆ. ಮಾರ್ಚ್ ಬಂತೆಂದರೆ ಉಳಿದ ಹದಿನೆಂಟು ಗುಂಟೆಯಲ್ಲಿರುವ ನಮ್ಮ ಮನೆಯ ಬಾವಿ ಉಪ್ಪಾಗುತ್ತದೆ. ಮಾರುವಾಗ ಅಪ್ಪ ನೆಲ ಎಷ್ಟು ಎಂದು ಅಳೆಸಿದರು. ನೀರು ಎಷ್ಟು ಎಂದು ಯಾರೂ ಅಳೆಯಲಿಲ್ಲ.

ಗಜನಿ ಗದ್ದೆ (ಡಿಸೆಂಬರ್ 10)

ತಮ್ಮಾ, ನಿಮ್ಮ ಅಪ್ಪ ಮಾಡಿದ್ದನ್ನು ತಪ್ಪೆನ್ನಲು ಯಾರಿಗೂ ಬಾಯಿಲ್ಲ. ಅಮ್ಮ ಈಗ ಹೇಗಿದ್ದಾರೆ?

ನಿಮ್ಮ ಅಜ್ಜನಿಗೆ ಆ ಮೂವತ್ತು ಗುಂಟೆ ಬಂದ ಹಾದಿ ಎಷ್ಟು ಕಷ್ಟದ್ದೆಂದು ನಿಮಗೆ ಗೊತ್ತಿದೆ. ದಿನಕರ ದೇಸಾಯಿಯವರು ಗೇಣಿ ರೈತರನ್ನು ಒಟ್ಟುಗೂಡಿಸಿ ಹೋರಾಡಿದ ಜಿಲ್ಲೆ ಇದು. ಹಾಗೆ ಬಂದ ಭೂಮಿಯನ್ನು ಹದಿನೈದು ವರ್ಷ ಮಾರಬಾರದೆಂದು ಕಾಯ್ದೆಯೇ ಷರತ್ತು ಹಾಕಿತ್ತು. ಆ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಮುಂದೆ ರೈತನನ್ನು ಉಳಿಸುವುದು ಯಾರು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆಸ್ಪತ್ರೆ ಇದ್ದಿದ್ದರೆ ಆ ಬಾವಿ ನಿಮ್ಮ ಬಳಿಯೇ ಇರುತ್ತಿತ್ತು.

ಆದರೆ ಮಾರುವುದೊಂದೇ ದಾರಿ ಎಂದುಕೊಳ್ಳಬೇಡಿ. ಇರುವ ಮನೆಯಲ್ಲೇ ಒಂದೆರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕುವ ಮೀನುಗಾರ ಮನೆಗಳು, ಹಾಲಕ್ಕಿ ಒಕ್ಕಲಿಗರ ಮನೆಗಳು ನಮ್ಮಲ್ಲಿವೆ. ಸ್ಥಳೀಯರ ಮನೆಗಳಲ್ಲಿ ಹೋಂಸ್ಟೇಗೆ ಕರಾವಳಿ ನಿಯಂತ್ರಣದ 2019ರ ಅಧಿಸೂಚನೆಯೂ ಅವಕಾಶ ಕೊಡುತ್ತದೆ. ನೆಲ ನಿಮ್ಮದಾಗಿ ಉಳಿದು ಹಣವೂ ಬರುವ ಇಂಥ ದಾರಿಗಳ ಬಗ್ಗೆ ಗ್ರಾಮಸಭೆಯಲ್ಲಿ ಮಾತನಾಡೋಣ. ಉಳಿದ ಹದಿನೆಂಟು ಗುಂಟೆಯ ಬಗ್ಗೆ ದುಡುಕಬೇಡಿ.

ಮಸ್ಕತ್ ಕನ್ನಡಿಗ (ಡಿಸೆಂಬರ್ 11)

ನಾನು ಭಟ್ಕಳ ಕಡೆಯವನು, ಗಲ್ಫಿನಲ್ಲಿ ಹದಿನೆಂಟು ವರ್ಷವಾಯಿತು. ನನಗೂ ಮೊದಲನೆಯಂಥ ಜಾಗವೊಂದನ್ನು ತೋರಿಸಿದ್ದಾರೆ. ಕೃಷಿ ಜಮೀನು. ಈಗ ಕಾನೂನು ಸಡಿಲವಾಗಿದೆ, ನೀವೂ ಕೊಳ್ಳಬಹುದು ಎಂದರು. ನಿಜವೇ?

ನಿವೃತ್ತ ಸರ್ವೇಯರ್ (ಡಿಸೆಂಬರ್ 11)

ಇಲ್ಲ. ಸಡಿಲವಾದದ್ದು ರಾಜ್ಯದ ಕಾಯ್ದೆ. ನಿಮಗೆ ಅನ್ವಯಿಸುವುದು ವಿದೇಶಿ ವಿನಿಮಯದ ಕೇಂದ್ರ ಕಾಯ್ದೆ. ಅದರಂತೆ ಅನಿವಾಸಿ ಭಾರತೀಯರು ಮನೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ವಾರಸುದಾರಿಕೆಯಿಂದ ಬಂದರೆ ಇಟ್ಟುಕೊಳ್ಳಬಹುದು. ಊರಿನಲ್ಲಿರುವ ಭಾವನ ಹೆಸರಿನಲ್ಲಿ ಕೊಳ್ಳುತ್ತೇನೆ ಎಂದು ಹೊರಡಬೇಡಿ, ಅದು ಬೇನಾಮಿ ವ್ಯವಹಾರವಾಗುತ್ತದೆ.

ಹುಬ್ಬಳ್ಳಿಯಿಂದ (ಡಿಸೆಂಬರ್ 12)

ಗುಡ್ಡದ ನೆತ್ತಿಯ ಜಾಗದ ಬಗ್ಗೆ ಯಾರೂ ಬರೆದಿಲ್ಲ. ನಾನು ಬರೆಯಬೇಕು, ಏಕೆಂದರೆ ನಾನು ಅಂಥದ್ದನ್ನೇ ಕೊಂಡವನು.

ನಮಗೆ ತೋರಿಸಿದ್ದೂ ಚಳಿಗಾಲದಲ್ಲಿ. ಒಣಹುಲ್ಲಿನ ಬಂಗಾರದ ಬಣ್ಣ, ಕೆಳಗೆ ನೀಲಿ ಕಡಲು. ನನ್ನ ಮಗಳು ಅಲ್ಲಿ ನಿಂತು ಇಲ್ಲೇ ಮನೆ ಕಟ್ಟೋಣ ಎಂದಳು, ನಾನು ಮರುಮಾತಾಡಲಿಲ್ಲ. ಉಳಿತಾಯದ ಬಹುಪಾಲು ಕೊಟ್ಟೆ. ಅಳತೆ ಮಾಡಿಸಿದಾಗ ತಿಳಿಯಿತು, ನಾನು ಕೊಂಡ ಸರ್ವೆ ನಂಬರು ಗುಡ್ಡದ ಕೆಳಗಿನ ಒಂದು ಪಟ್ಟಿ ಮಾತ್ರ. ನನಗೆ ತೋರಿಸಿದ ನೆತ್ತಿ ಅರಣ್ಯ ಇಲಾಖೆಯದು. ಮಾರಿದವರು ಈಗ ಫೋನು ಎತ್ತುವುದಿಲ್ಲ. ಮೊಕದ್ದಮೆ ನಡೆಯುತ್ತಿದೆ.

ಸಿಕ್ಕ ಪಟ್ಟಿಯಲ್ಲಾದರೂ ಮನೆ ಕಟ್ಟೋಣವೆಂದರೆ ಗುಡ್ಡವನ್ನು ಕಡಿದು ಸಮತಟ್ಟು ಮಾಡಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಗಂಗಾವಳಿಗೆ ಜಾರಿತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಅದನ್ನು ನೋಡಿದ ಮೇಲೆ ಗುಡ್ಡಕ್ಕೆ ಜೆಸಿಬಿ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಕೆಳಗೆ ನಾಲ್ಕು ಮನೆಗಳಿವೆ. ಅವರಿಗೆ ಏನಾದರೂ ಆದರೆ?

ನಿವೃತ್ತ ಸರ್ವೇಯರ್ (ಡಿಸೆಂಬರ್ 12)

ಮನಸ್ಸಿಗೆ ನೋವಾಯಿತು. ಇದನ್ನು ಓದುವ ಎಲ್ಲರಿಗೂ ಹೇಳುತ್ತೇನೆ, ಗುಡ್ಡದ ಜಾಗವೆಂದರೆ ಅರಣ್ಯ ಇಲಾಖೆಯ ನಕ್ಷೆಯೊಂದಿಗೆ ತಾಳೆ ನೋಡದೆ ಒಂದು ರೂಪಾಯಿ ಕೊಡಬೇಡಿ. ಅರಣ್ಯ ಅತಿಕ್ರಮಣದ ಜಾಗ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಇವೆಲ್ಲ ಮಾರಾಟಕ್ಕೆ ಇರುವಂಥವಲ್ಲ. ತಲೆಮಾರುಗಳಿಂದ ಅಲ್ಲಿ ಬದುಕಿದವರಿಗೇ ಇನ್ನೂ ಹಕ್ಕುಪತ್ರ ಸಿಕ್ಕಿಲ್ಲ, ಕೊಂಡವರಿಗೆ ಎಲ್ಲಿಂದ ಸಿಗಬೇಕು?

ಬಂಕಿಕೊಡ್ಲದ ಮನೆ (ಡಿಸೆಂಬರ್ 13)

ಮಲ್ಲೇಶ್ವರದ ಅಣ್ಣನವರೇ, ನಿಮ್ಮ ಕೊನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನೂ ಹೊರಗಿನವಳು. ಹನ್ನೆರಡು ವರ್ಷದ ಹಿಂದೆ ಮೈಸೂರಿನಿಂದ ಗೋಕರ್ಣದ ಹತ್ತಿರದ ಈ ಬಂಕಿಕೊಡ್ಲಕ್ಕೆ ಬಂದೆ. ಹಳೆಯ ಚಿರೆಕಲ್ಲಿನ ಮನೆಯೊಂದನ್ನು ಮೊದಲು ಬಾಡಿಗೆಗೆ ಹಿಡಿದು, ಐದು ವರ್ಷದ ಮೇಲೆ ಕೊಂಡೆ. ಹೊಸ ಜಾಗಕ್ಕೆ ಒಂದು ಗುದ್ದಲಿಯನ್ನೂ ಹಾಕಲಿಲ್ಲ.

ನೀವು ಡಿಸೆಂಬರಿನ ಗೋಕರ್ಣವನ್ನು ಬಲ್ಲಿರಿ. ಜೂನಿನಿಂದ ಸೆಪ್ಟೆಂಬರಿನ ಗೋಕರ್ಣ ಬೇರೆಯೇ ಊರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಆ ನಾಲ್ಕು ತಿಂಗಳಲ್ಲಿ. ವಿದ್ಯುತ್ ಹೋದರೆ ಎರಡು ದಿನ ಬರುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಕಿಟಕಿಯ ಸರಳು ಉಪ್ಪುಗಾಳಿಗೆ ಉದುರುತ್ತದೆ. ಮೊದಲ ಮಳೆಗಾಲದಲ್ಲಿ ನಾನು ಅತ್ತಿದ್ದೇನೆ. ಪಕ್ಕದ ಮನೆಯ ಗೌಡರ ಹೆಂಗಸು ಕತ್ತಲಲ್ಲಿ ಕಂಬಳಿ ಕೊಪ್ಪೆ ಹೊದ್ದು ಬಂದು, ಬಾಳೆಲೆಯಲ್ಲಿ ಸುತ್ತಿದ ಬಿಸಿ ಕಡುಬು ಕೊಟ್ಟು ಹೋದಳು. ಅಂದಿನಿಂದ ನಾನು ಈ ಊರಿನವಳಾದೆ.

ಊರಿನವರು ಹೊರಗಿನವರನ್ನು ದೂರ ಇಡುವುದಿಲ್ಲ. ಅವರು ನೋಡುವುದು ಕೆಲವೇ ಸಂಗತಿಗಳನ್ನು. ಶೌಚಗುಂಡಿಯನ್ನು ಯಾರ ಬಾವಿಯ ಹತ್ತಿರ ತೋಡಿದಿರಿ? ನಮ್ಮದು ಮರಳು ನೆಲ, ಇಲ್ಲಿ ಇಳಿದದ್ದು ಅಲ್ಲಿ ಏಳುತ್ತದೆ. ಕಸವನ್ನು ಎಲ್ಲಿ ಹಾಕಿದಿರಿ? ರಾತ್ರಿ ಎಷ್ಟು ಹೊತ್ತಿನವರೆಗೆ ಹಾಡು ಹಾಕಿದಿರಿ? ತೀರದ ದಿಬ್ಬಕ್ಕೆ ದೊಡ್ಡ ದೀಪ ತಿರುಗಿಸಿದಿರಾ? ಆ ಬೆಳಕಿಗೆ ಮೊಟ್ಟೆಯಿಡಲು ಬಂದ ಕಡಲಾಮೆ ಹಿಂದಿರುಗುತ್ತದೆ, ಹೊರಬಂದ ಮರಿಗಳು ಕಡಲಿನ ಬದಲು ದೀಪದ ಕಡೆ ಹೋಗುತ್ತವೆ. ಸುಗ್ಗಿ ಕುಣಿತದವರು ಅಂಗಳಕ್ಕೆ ಬಂದಾಗ ಬಾಗಿಲು ತೆರೆದಿರಾ? ಸತ್ತವರ ಮನೆಗೆ ಹೋದಿರಾ?

ಆಸ್ಪತ್ರೆಯ ಮಾತನ್ನು ಮಾರಿದವರ ಮಗ ಹೇಳಿದ್ದಾನೆ. ನಿಮ್ಮ ವಯಸ್ಸಿಗೆ ಅದು ದೊಡ್ಡ ಮಾತು. ಹೃದಯದ ತೊಂದರೆಯೋ ಇನ್ನೊಂದೋ ಇದ್ದರೆ ಸರಿಯಾಗಿ ಯೋಚಿಸಿ. ಗೋಕರ್ಣ ರೋಡ್ ರೈಲು ನಿಲ್ದಾಣವೂ ಊರಿನಿಂದ ಸುಮಾರು ಹತ್ತು ಕಿಲೋಮೀಟರ್.

ನನ್ನ ಸಲಹೆ ಇಷ್ಟೇ. ಈಗ ಏನನ್ನೂ ಕೊಳ್ಳಬೇಡಿ. ಒಂದು ಮನೆ ಬಾಡಿಗೆಗೆ ಹಿಡಿದು ಒಂದು ಮಳೆಗಾಲ ಇರಿ. ಆ ಮೂರು ಜಾಗಗಳನ್ನೂ ಆಷಾಢದಲ್ಲಿ ಹೋಗಿ ನೋಡಿ.

ಮಲ್ಲೇಶ್ವರದಿಂದ (ಡಿಸೆಂಬರ್ 14)

ಎಲ್ಲರಿಗೂ ಋಣಿ. ಎರಡು ರಾತ್ರಿ ನಾವಿಬ್ಬರೂ ಇದನ್ನೆಲ್ಲ ಮತ್ತೆ ಮತ್ತೆ ಓದಿದೆವು. ಮುಂಗಡ ಕೊಡುವುದಿಲ್ಲವೆಂದು ದಲ್ಲಾಳಿಗೆ ತಿಳಿಸಿದ್ದೇವೆ. ಅಕ್ಕನವರೇ, ಜೂನಿಗೆ ಬಾಡಿಗೆ ಮನೆ ಸಿಗಬಹುದೇ?

ಮಲ್ಲೇಶ್ವರದಿಂದ (ಜುಲೈ 27)

ಬಹಳ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಜೂನ್ ಮೊದಲ ವಾರದಿಂದ ಬಂಕಿಕೊಡ್ಲದಲ್ಲಿದ್ದೇವೆ. ಮನೆ ಹುಡುಕಿಕೊಟ್ಟವರು ಇಲ್ಲಿ ಬರೆದ ಅಕ್ಕನವರೇ. ನಿನ್ನೆಯಿಂದ ವಿದ್ಯುತ್ ಇರಲಿಲ್ಲ, ಈಗ ಬಂದಿದೆ.

ಮೂರೂ ಜಾಗಗಳನ್ನು ಮಳೆಯಲ್ಲೇ ನೋಡಿದೆವು. ತಗ್ಗಿನ ಜಾಗವನ್ನು ಗುರುತಿಸಲೇ ಆಗಲಿಲ್ಲ. ಕಣ್ಣು ಹಾಯುವಷ್ಟೂ ನೀರು, ಅದರ ಮೇಲೆ ಹಸಿರು ಮೊಳಕೆ. ಗದ್ದೆಯ ಅಂಚಿನಲ್ಲಿ ನಿಂತು ಶಿಕ್ಷಕಿಯಮ್ಮ ನನ್ನ ಹೆಂಡತಿಗೆ ಕಗ್ಗದ ಸಸಿ ತೋರಿಸಿದರು. ಇಲ್ಲಿ ಇಪ್ಪತ್ತು ಲಾರಿ ಮಣ್ಣು ಸುರಿಯುವ ಮಾತನ್ನು ನಾನೇ ಬರೆದಿದ್ದೆ, ನೆನೆದರೆ ಎದೆ ಭಾರವಾಗುತ್ತದೆ.

ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಕೆಂಪು ನೀರು ಹೊಳೆಯಂತೆ ಇಳಿಯುತ್ತಿತ್ತು, ಅರ್ಧಕ್ಕೇ ಹಿಂದಿರುಗಿದೆವು. ಸರ್ವೇಯರ್ ಸರ್ ಹೇಳಿದಂತೆ ವಿಚಾರಿಸಿದಾಗ ಅದರ ಅರ್ಧ ಭಾಗ ಅರಣ್ಯವೆಂದು ತಿಳಿಯಿತು. ತೆಂಗಿನ ತೋಟದ ಪಹಣಿಯಲ್ಲಿ ಹದಿನಾಲ್ಕು ಹೆಸರುಗಳು. ಮೂವರು ಹೆಣ್ಣುಮಕ್ಕಳಿಗೆ ಮಾರಾಟದ ಸುದ್ದಿಯೇ ಗೊತ್ತಿರಲಿಲ್ಲ.

ಆ ತೋಟದಲ್ಲಿ ದಾರಿ ಎಲ್ಲಿದೆ ಎಂದು ನಾನು ಕೇಳಿದೆ. ಒಬ್ಬ ಮುದುಕಿ ಬುಟ್ಟಿ ಇಳಿಸಿ, ಏನೂ ಹೇಳದೆ ಮುಂದೆ ನಡೆದು ತೋರಿಸಿದರು. ಎರಡು ತೆಂಗಿನ ಮರಗಳ ನಡುವಿನಿಂದ ಹೊರಟು, ಮುಂಡಿಗೆ ಪೊದೆಯ ಪಕ್ಕದಲ್ಲಿ ತಿರುಗಿ, ಬಂಗಡೆ ಬಳ್ಳಿ ಹಬ್ಬಿದ ದಿಬ್ಬವನ್ನು ದಾಟಿ ಕಡಲಿಗೆ ಇಳಿಯುತ್ತದೆ. ಡಿಸೆಂಬರಿನಲ್ಲಿ ನಾವು ಅದರ ಮೇಲೆಯೇ ನಿಂತು ಫೋಟೋ ತೆಗೆಸಿಕೊಂಡಿದ್ದೆವು.

ಜಾಗ ಕೊಳ್ಳುವುದಿಲ್ಲ. ಈ ಬಾಡಿಗೆ ಮನೆಯನ್ನೇ ಇನ್ನೆರಡು ವರ್ಷಕ್ಕೆ ಮುಂದುವರಿಸಲು ಮಾತನಾಡಿದ್ದೇವೆ. ನನ್ನ ಹೆಂಡತಿ ಮೂವತ್ತು ವರ್ಷ ಗಣಿತ ಕಲಿಸಿದವಳು. ಸಂಜೆ ಆರು ಮಕ್ಕಳು ಜಗುಲಿಗೆ ಬರುತ್ತಾರೆ, ಮಳೆ ಜೋರಾದರೆ ಮೂವರು. ಮಾರಿದವರ ಮಗನ ತಂಗಿಯೂ ಅವರಲ್ಲಿ ಒಬ್ಬಳು.

ಮಾರಿದವರ ಮಗ (ಜುಲೈ 27)

ಸರ್, ಅಮ್ಮ ನಿಮಗೆ ತಿಳಿಸಲು ಹೇಳಿದ್ದಾರೆ, ಹಾಗಲಬಳ್ಳಿಗೆ ಕಾಯಿ ಬಂದಿದೆ, ನಾಳೆ ತಂಗಿಯ ಕೈಯಲ್ಲಿ ಕಳಿಸುತ್ತಾರೆ. ಉಳಿದ ಹದಿನೆಂಟು ಗುಂಟೆಯ ಪೋಡಿಗೆ ಅರ್ಜಿ ಕೊಟ್ಟಿದ್ದೇವೆ. ಅತ್ತೆಯರನ್ನೂ ಕರೆಸಿ ಅವರ ಹೆಸರುಗಳನ್ನೂ ಸೇರಿಸಿದ್ದೇವೆ. ಬಾವಿಯ ನೀರಿನ ವಿಷಯ ಮುಂದಿನ ಗ್ರಾಮಸಭೆಯಲ್ಲಿ ಎತ್ತುತ್ತೇನೆ. ನನ್ನ ಕೆಲಸಕ್ಕೆ ತೊಂದರೆಯಾಗಬಹುದು ಎಂದು ಗೊತ್ತಿದ್ದೇ ಎತ್ತುತ್ತೇನೆ.

ಗಜನಿ ಗದ್ದೆ (ಜುಲೈ 28)

ನೀನು ಒಬ್ಬನೇ ಎದ್ದು ನಿಲ್ಲಬೇಡ. ಯಾರ್ಯಾರ ಬಾವಿ ಉಪ್ಪಾಗಿದೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳೋಣ. ಭಾನುವಾರ ನಾನೂ ಬರುತ್ತೇನೆ.

ತದಡಿ ದೋಣಿ (ಜುಲೈ 28)

ಮಲ್ಲೇಶ್ವರದ ಸರ್, ನಿಮಗೆ ದಾರಿ ತೋರಿಸಿದವರು ನನ್ನ ದೊಡ್ಡಮ್ಮ. ಅವಳ ಮನೆಯ ಹತ್ತಿರದ ದಾರಿ ಮುಚ್ಚಿದೆ, ಈಗ ಓಡಾಡುವುದು ಈ ತೋಟದ ದಾರಿಯಲ್ಲಿ. ಬೆಂಗಳೂರಿನವರೊಬ್ಬರು ದಾರಿ ಕೇಳಿದರು ಎಂದು ಮನೆಗೆ ಬಂದು ಹೇಳಿದಳು.

ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಕೊಟ್ಟು ಪೂಜೆ ಮಾಡುತ್ತೇವೆ. ನೀವಿಬ್ಬರೂ ಬನ್ನಿ. ಮುಂಡಿಗೆ ಪೊದೆಯ ಹತ್ತಿರ ಈಗ ಕೆಸರಿದೆ, ಅಮ್ಮನವರು ಜಾರದಂತೆ ಕೈ ಹಿಡಿದುಕೊಳ್ಳಿ.